ಮೊಲದ ಚಿತ್ರದ ಹಿಂದಿನ ದಿನಾಂಕ

ಸಭೆಯೊಂದರಲ್ಲಿ ಆಡಿದ ಈ ಮಾತನ್ನು ಒಂದೇ ಒಂದು ಸಾಲಿನ ಸುತ್ತ ಕಟ್ಟಿಕೊಂಡಿದ್ದೆ. ಶಾಂಪೂ, ಮುಖದ ಕ್ರೀಮು, ಲಿಪ್‌ಸ್ಟಿಕ್, ಹೀಗೆ ಯಾವ ಪ್ರಸಾಧನ ಸಾಮಗ್ರಿಯ ಡಬ್ಬಿಯನ್ನು ತಿರುಗಿಸಿ ನೋಡಿದರೂ, ಘಟಕಗಳ ಉದ್ದನೆಯ ಪಟ್ಟಿ ಮುಗಿದ ಮೇಲೆ, ಕಣ್ಣು ಕಿರಿದು ಮಾಡಿಕೊಂಡು ಓದಬೇಕಾದಷ್ಟು ಸಣ್ಣ ಅಕ್ಷರಗಳಲ್ಲಿ ‘ಪ್ರಾಣಿಗಳ ಮೇಲೆ ಪರೀಕ್ಷಿಸಿಲ್ಲ’ ಎಂಬ ಅರ್ಥದ ಸಾಲೊಂದು ಹಲವು ಸಲ ಕಾಣುತ್ತದೆ. ಪಕ್ಕದಲ್ಲಿ ಮೊಲದ ಚಿತ್ರವೂ ಇರಬಹುದು. ಸಕ್ಕರೆ ಬೆರೆಸಿಲ್ಲ, ಬಣ್ಣ ಹಾಕಿಲ್ಲ ಎಂದಾಗ ಹೇಗೋ ಹಾಗೆ, ಇದು ಡಬ್ಬಿಯೊಳಗಿನ ವಸ್ತುವಿನ ಒಂದು ಗುಣವನ್ನು ಹೇಳುವ ಮಾತು ಎಂದು ನಾವು ಭಾವಿಸುತ್ತೇವೆ. ಆದರೆ ಸಕ್ಕರೆ ಇದೆಯೋ ಇಲ್ಲವೋ ಎಂಬುದನ್ನು ಪ್ರಯೋಗಾಲಯದಲ್ಲಿ ಪತ್ತೆ ಮಾಡಬಹುದು. ಒಂದು ಕ್ರೀಮಿನ ಘಟಕಗಳು ಮೊಲದ ಕಣ್ಣಿಗೆ ಬಿದ್ದಿದ್ದವೋ ಇಲ್ಲವೋ ಎಂಬುದನ್ನು ಎಷ್ಟು ಸೂಕ್ಷ್ಮ ಉಪಕರಣದಿಂದ ನೋಡಿದರೂ ಪತ್ತೆ ಮಾಡಲಾಗದು. ಆ ಸಾಲು ಹೇಳುತ್ತಿರುವುದು ವಸ್ತುವಿನ ಚರಿತ್ರೆಯನ್ನು. ಚರಿತ್ರೆ ಎಂದ ಮೇಲೆ ಯಾರು, ಎಲ್ಲಿ, ಅದಕ್ಕಿಂತ ಹೆಚ್ಚಾಗಿ ಯಾವಾಗಿನಿಂದ ಎಂದು ಕೇಳದೆ ವಿಧಿಯಿಲ್ಲ.

ಈ ಪರೀಕ್ಷೆಗಳನ್ನು ತಂದವರು ಕ್ರೂರಿಗಳಾಗಿದ್ದರು ಎಂದುಕೊಂಡು ಹೊರಟರೆ ಚರಿತ್ರೆ ಅರ್ಥವಾಗುವುದಿಲ್ಲ. 1933ರ ಸುಮಾರಿಗೆ ಅಮೆರಿಕದಲ್ಲಿ ‘ಲ್ಯಾಶ್ ಲ್ಯೂರ್’ ಎಂಬ ಹೆಸರಿನಲ್ಲಿ ರೆಪ್ಪೆ ಮತ್ತು ಹುಬ್ಬಿಗೆ ಹಚ್ಚುವ ಬಣ್ಣವೊಂದು ಮಾರಾಟದಲ್ಲಿತ್ತು. ಅದರಲ್ಲಿದ್ದ ಪ್ಯಾರಾಫಿನಿಲೀನ್ ಡೈಅಮೀನ್ ಎಂಬ ರಾಸಾಯನಿಕ ಕೆಲವರ ಕಣ್ಣಿನ ಸುತ್ತ ಹುಣ್ಣೆಬ್ಬಿಸಿತು, ದೃಷ್ಟಿಯನ್ನೇ ಕಿತ್ತುಕೊಂಡಿತು, ಸಾವಿಗೂ ಕಾರಣವಾಯಿತು. ಅಲ್ಲಿ ಆಗ ಜಾರಿಯಲ್ಲಿದ್ದ 1906ರ ಕಾನೂನಿನಲ್ಲಿ ಪ್ರಸಾಧನ ಸಾಮಗ್ರಿಗಳ ಪ್ರಸ್ತಾಪವೇ ಇಲ್ಲದ್ದರಿಂದ, ಸರ್ಕಾರ ಆ ಬಣ್ಣವನ್ನು ಅಂಗಡಿಯಿಂದ ತೆಗೆಸಲು ಕೂಡ ಆಗದೆ ಕೈಕಟ್ಟಿ ಕುಳಿತಿತ್ತು. 1938ರ ಹೊಸ ಕಾನೂನು ಆಹಾರ ಮತ್ತು ಔಷಧಿಗಳ ಜೊತೆಗೆ ಪ್ರಸಾಧನಗಳನ್ನೂ ತನ್ನ ವ್ಯಾಪ್ತಿಗೆ ತಂದುಕೊಂಡಿತು. ಅಪಾಯಕಾರಿ ಪ್ರಸಾಧನವನ್ನು ಮಾರಬಾರದು ಎಂದಾಯಿತು ಸರಿ, ಅಪಾಯವನ್ನು ಅಳೆಯುವುದು ಹೇಗೆ ಎಂಬ ಪ್ರಶ್ನೆ ಉಳಿಯಿತು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತದಲ್ಲಿ ವಿಷಶಾಸ್ತ್ರಜ್ಞರಾಗಿದ್ದ ಜಾನ್ ಡ್ರೇಜ್ 1944ರಲ್ಲಿ ಸಹೋದ್ಯೋಗಿಗಳೊಡನೆ ಪ್ರಕಟಿಸಿದ ವಿಧಾನ ಅದಕ್ಕೆ ಸಿಕ್ಕ ಉತ್ತರ.

ಆ ವಿಧಾನವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ‘ಪ್ರಾಣಿ ಪ್ರಯೋಗ’ ಎಂಬ ಪದ ಕೇಳಿ ಕೇಳಿ ಸವೆದುಹೋಗಿದೆ, ಅದರೊಳಗೆ ಏನು ನಡೆಯುತ್ತದೆ ಎಂಬುದು ಕಣ್ಣಿಗೆ ಕಟ್ಟುವುದಿಲ್ಲ. ಬಿಳಿ ಮೊಲವೊಂದರ ಒಂದು ಕಣ್ಣಿನ ಕೆಳರೆಪ್ಪೆಯನ್ನು ಮೆಲ್ಲಗೆ ಹೊರಕ್ಕೆಳೆದು, ಪುಟ್ಟ ಬಟ್ಟಲಿನಂತಾದ ಆ ಜಾಗಕ್ಕೆ ಪರೀಕ್ಷಿಸಬೇಕಾದ ದ್ರವದ 0.1 ಮಿಲಿಲೀಟರ್, ಅಂದರೆ ಎರಡು ಹನಿಯಷ್ಟನ್ನು, ಬಿಡುತ್ತಾರೆ. ರೆಪ್ಪೆಗಳನ್ನು ಒಂದು ಕ್ಷಣ ಒತ್ತಿ ಹಿಡಿದು ಬಿಡುತ್ತಾರೆ. ಇನ್ನೊಂದು ಕಣ್ಣಿಗೆ ಏನನ್ನೂ ಹಾಕುವುದಿಲ್ಲ. ಹೋಲಿಸಿ ನೋಡಲು ಅದು ಬೇಕು. ಆಮೇಲೆ ಒಂದು ಗಂಟೆ, 24 ಗಂಟೆ, 48 ಗಂಟೆ, 72 ಗಂಟೆ ಕಳೆದಾಗ ಕಣ್ಣು ಎಷ್ಟು ಕೆಂಪಾಗಿದೆ, ಎಷ್ಟು ಊದಿದೆ, ಕಾರ್ನಿಯಾ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರ, ಎಷ್ಟು ಮಸುಕಾಗಿದೆ ಎಂದು ನೋಡಿ ಅಂಕ ಕೊಡುತ್ತಾರೆ; ಗಾಯ ವಾಸಿಯಾಗುತ್ತದೆಯೇ ಎಂದು ತಿಳಿಯಬೇಕಾದರೆ 21 ದಿನಗಳವರೆಗೂ ಕಾಯುತ್ತಾರೆ. ಡ್ರೇಜ್ ಪಟ್ಟಿಯಲ್ಲಿ ಒಟ್ಟು 110 ಅಂಕ, ಅದರಲ್ಲಿ 80 ಕಾರ್ನಿಯಾಕ್ಕೇ ಮೀಸಲು. ಪರೀಕ್ಷೆ ಮುಗಿದ ಮೇಲೆ ಮೊಲವನ್ನು ಸಾಮಾನ್ಯವಾಗಿ ಕೊಲ್ಲುತ್ತಾರೆ. ಕಣ್ಣಿಗೆ ಮೊದಲೇ ಅರಿವಳಿಕೆಯ ಹನಿ ಹಾಕಬೇಕು, ನೋವುನಿವಾರಕ ಕೊಡಬೇಕು ಎಂಬ ಮಾತು ಅಂತಾರಾಷ್ಟ್ರೀಯ ಮಾರ್ಗಸೂಚಿಯಲ್ಲಿ ಸೇರಿದ್ದು 2012ರ ಪರಿಷ್ಕರಣೆಯಲ್ಲಿ. ಅರವತ್ತೆಂಟು ವರ್ಷ ತಡವಾಗಿ.

ಮೊಲವೇ ಏಕೆ ಎಂದರೆ, ಅದು ಸಾಧು, ಸಾಕುವುದು ಅಗ್ಗ, ಕಣ್ಣು ದೊಡ್ಡದು. ಮನುಷ್ಯರ ಕಣ್ಣನ್ನು ಹೋಲುತ್ತದೆ ಎಂಬ ಕಾರಣವಂತೂ ಅಲ್ಲ. ಮೊಲಕ್ಕೆ ನಮಗಿಲ್ಲದ ಮೂರನೆಯ ರೆಪ್ಪೆಯೊಂದಿದೆ. ಅದರ ಕಾರ್ನಿಯಾ ನಮ್ಮದಕ್ಕಿಂತ ತೆಳು. ಅದು ಕಣ್ಣು ಮಿಟುಕಿಸುವುದು ತೀರಾ ವಿರಳ, ಕಣ್ಣೀರೂ ಕಡಿಮೆ, ಹಾಗಾಗಿ ಒಳಗೆ ಬಿದ್ದದ್ದು ತೊಳೆದು ಹೋಗದೆ ಅಲ್ಲೇ ನಿಲ್ಲುತ್ತದೆ. ಇದೇ ಕಾಲದ ಉಳಿದ ಪರೀಕ್ಷೆಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬೋಳಿಸಿದ ಬೆನ್ನಿನ ಮೇಲೆ ರಾಸಾಯನಿಕದ ಪಟ್ಟಿ ಅಂಟಿಸುವುದು ಒಂದು, ಅಲರ್ಜಿ ತಿಳಿಯಲು ಗಿನಿಯಿಲಿಗೆ ಚುಚ್ಚುವುದು ಇನ್ನೊಂದು, ಎಷ್ಟು ಪ್ರಮಾಣ ಕೊಟ್ಟರೆ ಗುಂಪಿನ ಅರ್ಧದಷ್ಟು ಪ್ರಾಣಿಗಳು ಸಾಯುತ್ತವೆ ಎಂದು ಎಣಿಸುವುದು ಮತ್ತೊಂದು. ಈ ಕೊನೆಯದು 1927ರಷ್ಟು ಹಳೆಯದು. ಅದರ ಮೂಲ ರೂಪವನ್ನು, ಇಂಥ ಪರೀಕ್ಷೆಗಳಿಗೆ ಅಂತಾರಾಷ್ಟ್ರೀಯ ಮಾರ್ಗಸೂಚಿ ರೂಪಿಸುವ ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆ, ಅಂದರೆ ಒಇಸಿಡಿ, ತನ್ನ ಮಾರ್ಗಸೂಚಿಗಳಿಂದ ಅಳಿಸಿಹಾಕಿದ್ದು 2002ರಲ್ಲಿ.

ಇಷ್ಟು ನೋವು ಕೊಟ್ಟು ಪಡೆದ ಉತ್ತರವಾದರೂ ನಂಬಲರ್ಹವಾಗಿತ್ತೇ? 1971ರಲ್ಲಿ ವೈಲ್ ಮತ್ತು ಸ್ಕಾಲಾ ಎಂಬ ಇಬ್ಬರು ವಿಜ್ಞಾನಿಗಳು, ಅದೇ ಪದಾರ್ಥಗಳನ್ನು ಇಪ್ಪತ್ತಕ್ಕೂ ಹೆಚ್ಚು ಪ್ರಯೋಗಾಲಯಗಳಿಗೆ ಕಳುಹಿಸಿ, ಅದೇ ವಿಧಾನದಿಂದ ಪರೀಕ್ಷಿಸಿ ಬಂದ ಫಲಿತಾಂಶಗಳನ್ನು ಹೋಲಿಸಿ ಪ್ರಕಟಿಸಿದರು. ಒಂದು ಪ್ರಯೋಗಾಲಯ ತೀವ್ರ ಉರಿಕಾರಕ ಎಂದದ್ದನ್ನು ಇನ್ನೊಂದು ನಿರುಪದ್ರವಿಗೆ ಹತ್ತಿರವಾದದ್ದು ಎಂದಿತ್ತು. ಕಣ್ಣಿನ ಕೆಂಪನ್ನು ಕಣ್ಣಿನಿಂದಲೇ ನೋಡಿ ಅಂಕ ಹಾಕುವ ಪರೀಕ್ಷೆಯಲ್ಲಿ ನೋಡುವವರು ಬದಲಾದರೆ ಅಂಕವೂ ಬದಲಾಗುವುದು ಸಹಜವೇ. ಕ್ರೌರ್ಯವಿಲ್ಲದ ಪ್ರಸಾಧನ ಬೇಕೆಂದು ಕೇಳುವವರಿಗೆ, ಹಾಗಾದರೆ ಮನುಷ್ಯರ ಸುರಕ್ಷತೆ ಬೇಡವೇ ಎಂಬ ಮರುಪ್ರಶ್ನೆ ಇವತ್ತಿಗೂ ಎದುರಾಗುತ್ತದೆ. ಪ್ರಾಣಿಯ ಜೀವ ಒಂದು ತಟ್ಟೆಯಲ್ಲಿ, ಮನುಷ್ಯರ ಸುರಕ್ಷತೆ ಇನ್ನೊಂದು ತಟ್ಟೆಯಲ್ಲಿ ಇದ್ದಂತೆ ಕೇಳುವ ಆ ಪ್ರಶ್ನೆ, ಮೊಲದ ಕಣ್ಣು ಸುರಕ್ಷತೆಯನ್ನು ಸರಿಯಾಗಿ ಅಳೆಯುತ್ತಿತ್ತು ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಟ್ಟಿರುತ್ತದೆ.

ದಾರಿ ಬೇರೆ ಇದೆ ಎಂಬ ಮಾತು ವಿಜ್ಞಾನಿಗಳಿಗೆ ಹೊಸದೇನೂ ಆಗಿರಲಿಲ್ಲ. 1959ರಲ್ಲೇ ಬ್ರಿಟನ್ನಿನ ರಸೆಲ್ ಮತ್ತು ಬರ್ಚ್ ಎಂಬ ವಿಜ್ಞಾನಿಗಳು, ಪ್ರಾಣಿಗೆ ಬದಲಿ ಹುಡುಕಿರಿ, ಆಗದಿದ್ದರೆ ಸಂಖ್ಯೆ ಇಳಿಸಿರಿ, ಅದೂ ಆಗದಿದ್ದರೆ ನೋವನ್ನಾದರೂ ತಗ್ಗಿಸಿರಿ ಎಂಬ ಮೂರು ಮೆಟ್ಟಿಲುಗಳನ್ನು ಹೇಳಿದ್ದರು. ಅದನ್ನು ಪ್ರಸಾಧನ ಉದ್ಯಮದ ಬಾಗಿಲಿಗೆ ತಂದು ನಿಲ್ಲಿಸಿದ್ದು ಮಾತ್ರ ನ್ಯೂಯಾರ್ಕಿನ ಪ್ರಾಣಿ ಹಕ್ಕುಗಳ ಹೋರಾಟಗಾರ ಹೆನ್ರಿ ಸ್ಪೀರಾ. ಅವರು 1980ರ ಏಪ್ರಿಲ್‌ನಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯಲ್ಲಿ ಪುಟದಗಲ ಜಾಹೀರಾತು ಕೊಟ್ಟು, ಸೌಂದರ್ಯದ ಹೆಸರಿನಲ್ಲಿ ಪ್ರಸಾಧನ ಕಂಪನಿ ರೆವ್ಲಾನ್ ಎಷ್ಟು ಮೊಲಗಳನ್ನು ಕುರುಡಾಗಿಸುತ್ತದೆ ಎಂದು ಕೇಳಿದರು. ಅವರ ಬೇಡಿಕೆ ಪರೀಕ್ಷೆಯನ್ನು ನಾಳೆಯೇ ನಿಲ್ಲಿಸಿ ಎಂಬುದಾಗಿರಲಿಲ್ಲ, ಬದಲಿ ವಿಧಾನಗಳ ಸಂಶೋಧನೆಗೆ ಹಣ ಕೊಡಿ ಎಂಬುದಾಗಿತ್ತು. ನನ್ನ ಮಟ್ಟಿಗೆ ಇಡೀ ಚಳವಳಿಯ ಅತ್ಯಂತ ಜಾಣ ನಡೆ ಇದು. ಆ ವರ್ಷ ಮುಗಿಯುವ ಹೊತ್ತಿಗೆ ರೆವ್ಲಾನ್ ರಾಕ್‌ಫೆಲರ್ ವಿಶ್ವವಿದ್ಯಾಲಯಕ್ಕೆ 7,50,000 ಡಾಲರ್ ಕೊಡಲು ಒಪ್ಪಿತು. 1981ರಲ್ಲಿ ಉದ್ಯಮದ ಹಣದಿಂದಲೇ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಪ್ರಾಣಿ ಪರೀಕ್ಷೆಗೆ ಪರ್ಯಾಯಗಳನ್ನು ಹುಡುಕುವ ಕೇಂದ್ರ ಆರಂಭವಾಯಿತು.

ಆ ಹುಡುಕಾಟದಿಂದ ಬಂದದ್ದೇನು ಎಂಬುದಕ್ಕೆ ಒಂದು ಉದಾಹರಣೆ. ಶಸ್ತ್ರಚಿಕಿತ್ಸೆಯಲ್ಲಿ ತೆಗೆದುಹಾಕಿದ ಮಾನವ ಚರ್ಮದ ತುಣುಕಿನಿಂದ, ದಾನಿಯ ಒಪ್ಪಿಗೆ ಪಡೆದು, ಜೀವಕೋಶಗಳನ್ನು ಬೇರ್ಪಡಿಸಿ, ಬೆರಳ ತುದಿಯಷ್ಟು ಅಗಲದ ಬಟ್ಟಲಿನ ತಳದ ಜಾಲರಿಯ ಮೇಲೆ ಬಿತ್ತುತ್ತಾರೆ. ಕೆಳಗಿನಿಂದ ಪೋಷಕ ದ್ರವ, ಮೇಲೆ ಗಾಳಿ. ದಿನಗಳು ಕಳೆದಂತೆ ಆ ಕೋಶಗಳು ಪದರದ ಮೇಲೆ ಪದರವಾಗಿ ಬೆಳೆದು, ಮೇಲುಭಾಗ ಒಣಗಿ ಗಟ್ಟಿಯಾಗಿ, ನಮ್ಮ ಮೈಮೇಲಿನ ಹೊರಚರ್ಮದಂತೆಯೇ ಆಗುತ್ತದೆ. ಪರೀಕ್ಷಿಸಬೇಕಾದ ಪದಾರ್ಥವನ್ನು ಅದರ ಮೇಲೆ ಹಚ್ಚಿ, ನಿಗದಿತ ಸಮಯದ ನಂತರ ತೊಳೆದು, ಮತ್ತೆರಡು ದಿನದಷ್ಟು ಬಿಟ್ಟು, ಆಮೇಲೆ ಹಳದಿ ಬಣ್ಣದ ಒಂದು ದ್ರಾವಣದಲ್ಲಿ ಇಡುತ್ತಾರೆ. ಬದುಕಿರುವ ಕೋಶಗಳು ಮಾತ್ರ ಆ ಹಳದಿಯನ್ನು ನೇರಳೆಯಾಗಿಸಬಲ್ಲವು. ನೇರಳೆ ಎಷ್ಟು ಗಾಢವೋ ಅಷ್ಟು ಕೋಶಗಳು ಬದುಕಿವೆ ಎಂದರ್ಥ. ಅದನ್ನು ಯಂತ್ರ ಅಳೆಯುತ್ತದೆ, ನೋಡುವವರ ಕಣ್ಣಿನ ಅಂದಾಜಿಗೆ ಇಲ್ಲಿ ಜಾಗವಿಲ್ಲ. ಬದುಕುಳಿದ ಕೋಶಗಳ ಪ್ರಮಾಣ ಶೇಕಡಾ 50 ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಆ ಪದಾರ್ಥ ಚರ್ಮವನ್ನು ಉರಿಸುವಂಥದು. 2010ರಲ್ಲಿ ಒಇಸಿಡಿ ಒಪ್ಪಿಕೊಂಡ 439ನೆಯ ಮಾರ್ಗಸೂಚಿ ಇದೇ. ಕಣ್ಣಿಗೂ ಇಂಥ ಅಂಗಾಂಶ ಮಾದರಿಗಳು ಬಂದಿವೆ. ಕಸಾಯಿಖಾನೆಯಲ್ಲಿ ಬಿಸಾಡುವ ದನದ ಕಣ್ಣಿನ ಕಾರ್ನಿಯಾವನ್ನು ಚೌಕಟ್ಟಿನಲ್ಲಿ ಬಿಗಿದು, ರಾಸಾಯನಿಕ ತಗುಲಿದ ಮೇಲೆ ಅದರ ಮೂಲಕ ಎಷ್ಟು ಬೆಳಕು ಹಾಯುತ್ತದೆ ಎಂದು ಅಳೆಯುವ ವಿಧಾನವೂ ಇದೆ.

ಅಲರ್ಜಿಯ ಕಥೆ ಇಷ್ಟು ಸರಳವಲ್ಲ. ಅಲರ್ಜಿ ಒಂದೇ ಏಟಿಗೆ ಆಗುವಂಥದಲ್ಲ. ರಾಸಾಯನಿಕ ಮೊದಲು ಚರ್ಮದ ಪ್ರೋಟೀನಿಗೆ ಅಂಟಿಕೊಳ್ಳಬೇಕು, ಚರ್ಮದ ಕೋಶಗಳು ಅಪಾಯದ ಸಂಕೇತ ಕೊಡಬೇಕು, ರೋಗನಿರೋಧಕ ವ್ಯವಸ್ಥೆಯ ಕಾವಲು ಕೋಶಗಳು ಎಚ್ಚೆತ್ತು ಸುದ್ದಿ ಒಯ್ಯಬೇಕು. ಮೂರು ಹಂತಕ್ಕೂ ಬೇರೆಬೇರೆ ಪರೀಕ್ಷೆಗಳು ಸಿದ್ಧವಾದವು, ಆದರೆ ಯಾವುದೂ ಒಂಟಿಯಾಗಿ ಗಿನಿಯಿಲಿಯ ಅಥವಾ ಇಲಿಯ ಜಾಗ ತುಂಬಲಿಲ್ಲ. ಮೂರನ್ನೂ ಒಟ್ಟುಗೂಡಿಸಿ ತೀರ್ಮಾನಕ್ಕೆ ಬರುವ ಕ್ರಮವನ್ನು 2021ರಲ್ಲಿ 497ನೆಯ ಮಾರ್ಗಸೂಚಿಯಾಗಿ ಅಂಗೀಕರಿಸಲಾಯಿತು. ಇನ್ನು ತಿಂಗಳುಗಟ್ಟಲೆ ಹಚ್ಚಿದಾಗ ಮೈಯೊಳಗೆ ಇಳಿದದ್ದು ಯಕೃತ್ತಿಗೆ ಏನು ಮಾಡುತ್ತದೆ, ಹುಟ್ಟಲಿರುವ ಮಗುವಿಗೆ ಏನು ಮಾಡುತ್ತದೆ ಎಂಬ ಪ್ರಶ್ನೆಗಳಿಗೆ ಇಡೀ ದೇಹದ ಬದಲಿಗೆ ನಿಲ್ಲಬಲ್ಲ ಪರೀಕ್ಷೆ ಇಂದಿಗೂ ಪೂರ್ಣವಾಗಿ ಕೈಗೆ ಬಂದಿಲ್ಲ. ಕೋಶಗಳನ್ನು ಬೆಳೆಸುವ ದ್ರವದಲ್ಲಿ ಹಲವೆಡೆ ಇನ್ನೂ ಕರುವಿನ ಭ್ರೂಣದ ರಕ್ತದಿಂದ ತೆಗೆದ ಸೀರಂ ಇರುತ್ತದೆ ಎಂಬುದನ್ನೂ ಇಲ್ಲೇ ಹೇಳಿಬಿಡಬೇಕು. ಬದಲಿ ವಿಧಾನಗಳ ಪರವಾಗಿ ಮಾತನಾಡುವವರು ಈ ಎರಡನ್ನೂ ಮುಚ್ಚಿಟ್ಟರೆ, ಎದುರಾಳಿಗಳು ಅದನ್ನು ಬಿಚ್ಚಿ ತೋರಿಸುವ ದಿನ ಉಳಿದ ಮಾತುಗಳ ಬೆಲೆಯೂ ಹೋಗುತ್ತದೆ.

ಕಾನೂನು ವಿಜ್ಞಾನಕ್ಕಾಗಿ ಕಾಯುತ್ತ ಕೂರಬೇಕೇ ಎಂಬುದು ಯುರೋಪಿನಲ್ಲಿ ಇಪ್ಪತ್ತು ವರ್ಷ ಎಳೆದಾಡಿದ ಪ್ರಶ್ನೆ. 1998ರಿಂದ ನಿಷೇಧ ಎಂದು 1993ರಲ್ಲೇ ಬರೆದುಕೊಂಡಿದ್ದರೂ ಗಡುವು 2000ಕ್ಕೆ, ಮತ್ತೆ 2002ಕ್ಕೆ ಮುಂದೆ ಹೋಯಿತು. ಕೊನೆಗೆ 2004ರ ಸೆಪ್ಟೆಂಬರ್‌ನಲ್ಲಿ ಸಿದ್ಧ ವಸ್ತುಗಳ ಮೇಲೆ, 2009ರ ಮಾರ್ಚ್‌ನಲ್ಲಿ ಘಟಕಗಳ ಮೇಲೆ ಪರೀಕ್ಷೆ ನಿಂತಿತು. 2013ರ ಮಾರ್ಚ್ 11ರಿಂದ, ಜಗತ್ತಿನ ಬೇರೆಲ್ಲಾದರೂ ಹಾಗೆ ಪರೀಕ್ಷಿಸಿ ತಂದದ್ದನ್ನು ಮಾರುವುದೂ ನಿಂತಿತು. ಆಗಲೂ ದೀರ್ಘಕಾಲೀನ ವಿಷಪರಿಣಾಮಕ್ಕೆ ಬದಲಿ ಪರೀಕ್ಷೆ ಸಿದ್ಧವಿರಲಿಲ್ಲ. ಆದರೂ ಬಾಗಿಲು ಮುಚ್ಚಿದರು. ಹೊಸ ಘಟಕ ಬೇಕೆನ್ನುವ ಕಂಪನಿಗಳು ಹೊಸ ವಿಧಾನಗಳಿಗೆ ಹಣ ಸುರಿಯಬೇಕಾಯಿತು. ಭಾರತ 2014ರ ಮೇ ತಿಂಗಳಲ್ಲಿ ಪರೀಕ್ಷೆಯನ್ನೂ, ಅದೇ ನವೆಂಬರ್‌ನಲ್ಲಿ ಪರೀಕ್ಷಿಸಿದ ಪ್ರಸಾಧನಗಳ ಆಮದನ್ನೂ ನಿಷೇಧಿಸಿತು. ಆಮೇಲೆ ಆಸ್ಟ್ರೇಲಿಯಾ, ಮೆಕ್ಸಿಕೊ, ಕೆನಡಾಗಳೂ ಬಂದವು.

ಚೀನಾದ ದಾರಿ ಬಹಳ ಕಾಲ ಇದಕ್ಕೆ ತದ್ವಿರುದ್ಧವಾಗಿತ್ತು. ಅಲ್ಲಿ ಪ್ರಸಾಧನ ಮಾರಬೇಕಾದರೆ ಪ್ರಾಣಿ ಪರೀಕ್ಷೆ ಕಡ್ಡಾಯವಾಗಿತ್ತು, ಅದನ್ನು ನಡೆಸುತ್ತಿದ್ದದ್ದು ಸರ್ಕಾರ ಒಪ್ಪಿದ ಪ್ರಯೋಗಾಲಯಗಳು. ‘ಕಾನೂನು ಕಡ್ಡಾಯಗೊಳಿಸಿದ ಸಂದರ್ಭ ಹೊರತುಪಡಿಸಿ, ನಾವು ಪ್ರಾಣಿಗಳ ಮೇಲೆ ಪರೀಕ್ಷಿಸುವುದಿಲ್ಲ’ ಎಂಬ ವಾಕ್ಯವನ್ನು ದೊಡ್ಡ ಕಂಪನಿಗಳ ಹೇಳಿಕೆಗಳಲ್ಲಿ ನೀವು ಓದಿರಬಹುದು. ಪರೀಕ್ಷಿಸಿದ ಕೈ ಬೇರೆಯವರದು, ಮಾರುಕಟ್ಟೆಯ ಲಾಭ ತಮ್ಮದು ಎಂಬ ಸ್ಥಿತಿಗೆ ತಕ್ಕಂತೆ ಎಚ್ಚರದಿಂದ ಹೊಲಿದ ವಾಕ್ಯ ಅದು. ಚೀನಾ 2014ರಲ್ಲಿ ತನ್ನಲ್ಲೇ ತಯಾರಾದ ಸಾಮಾನ್ಯ ಪ್ರಸಾಧನಗಳಿಗೂ, 2021ರ ಮೇ ತಿಂಗಳಿಂದ ಷರತ್ತುಗಳೊಂದಿಗೆ ಆಮದಾದ ಸಾಮಾನ್ಯ ಪ್ರಸಾಧನಗಳಿಗೂ ವಿನಾಯಿತಿ ಕೊಟ್ಟಿತು; ಕೂದಲಿನ ಬಣ್ಣ, ಸನ್‌ಸ್ಕ್ರೀನ್‌ನಂಥ ವಿಶೇಷ ವರ್ಗದವುಗಳನ್ನು ಆ ವಿನಾಯಿತಿಯಿಂದ ಹೊರಗಿಟ್ಟಿತು.

ನಿಷೇಧವಿದ್ದಲ್ಲಿಯೂ ಹಿಂಬಾಗಿಲು ಇರಬಹುದು ಎಂಬುದಕ್ಕೆ ಯುರೋಪೇ ಸಾಕ್ಷಿ. ಅಲ್ಲಿ ಪ್ರಸಾಧನಗಳ ಕಾನೂನು ಒಂದು, 2007ರಿಂದ ಜಾರಿಯಲ್ಲಿರುವ ‘ರೀಚ್’ ಎಂಬ ರಾಸಾಯನಿಕಗಳ ಕಾನೂನು ಇನ್ನೊಂದು. ಕಾರ್ಖಾನೆಯಲ್ಲಿ ರಾಸಾಯನಿಕಗಳನ್ನು ಕೈಯಾರೆ ಮುಟ್ಟುವ ಕಾರ್ಮಿಕರ ಸುರಕ್ಷತೆಯೂ ಎರಡನೆಯದರ ಕಾಳಜಿ. ಸನ್‌ಸ್ಕ್ರೀನ್‌ಗಳಲ್ಲಿ ಬಳಸುವ ಹೋಮೋಸಲೇಟ್ ಸೇರಿದಂತೆ, ಪ್ರಸಾಧನಗಳಲ್ಲಿ ಮಾತ್ರ ಉಪಯೋಗವಿರುವ ಎರಡು ಘಟಕಗಳಿಗೆ ಪ್ರಾಣಿಗಳ ಮೇಲಿನ ಪರೀಕ್ಷೆಯ ಮಾಹಿತಿ ಬೇಕು ಎಂದು ಯುರೋಪಿನ ರಾಸಾಯನಿಕ ಸಂಸ್ಥೆ ಕೇಳಿದಾಗ, ತಯಾರಕರಾದ ಜರ್ಮನಿಯ ಸಿಮ್‌ರೈಸ್ ಕಂಪನಿ ನ್ಯಾಯಾಲಯಕ್ಕೆ ಹೋಯಿತು. 2023ರ ನವೆಂಬರ್ 22ರಂದು ಯುರೋಪಿನ ಜನರಲ್ ಕೋರ್ಟ್ ಕಂಪನಿಯ ವಾದವನ್ನು ತಳ್ಳಿಹಾಕಿತು. ಪ್ರಾಣಿ ಪರೀಕ್ಷೆ ಬೇಡವೆಂದು ವಾದಿಸಿದ್ದು ಕಂಪನಿ, ಬೇಕೆಂದದ್ದು ಸಾರ್ವಜನಿಕ ಸಂಸ್ಥೆ. ಯಾರು ಯಾವ ಪಾಳಯದಲ್ಲಿರುತ್ತಾರೆ ಎಂದು ಮೊದಲೇ ಊಹಿಸಿಕೊಂಡು ಕೂರಬಾರದು ಎಂಬುದಕ್ಕಾಗಿ ಇದನ್ನು ಹೇಳಿದೆ. ನಿಷೇಧವನ್ನು ಬಿಗಿಗೊಳಿಸಬೇಕೆಂದು ಕೋರಿ 12 ಲಕ್ಷಕ್ಕೂ ಹೆಚ್ಚು ಯುರೋಪಿಯನ್ನರು ಸಹಿ ಹಾಕಿದ ಮನವಿಗೆ ಯುರೋಪಿಯನ್ ಆಯೋಗ ಅದೇ ವರ್ಷದ ಜುಲೈನಲ್ಲಿ ಉತ್ತರಿಸಿತ್ತು.

ಇಷ್ಟು ಹಿನ್ನೆಲೆಯೊಂದಿಗೆ ಡಬ್ಬಿಯ ಮೇಲಿನ ಸಾಲಿಗೆ ಮರಳೋಣ. ‘ಈ ಉತ್ಪನ್ನವನ್ನು ಪ್ರಾಣಿಗಳ ಮೇಲೆ ಪರೀಕ್ಷಿಸಿಲ್ಲ’ ಎಂದಿದ್ದರೆ, ಪರೀಕ್ಷಿಸದೆ ಉಳಿದದ್ದು ಸಿದ್ಧ ಕ್ರೀಮು ಮಾತ್ರವೇ ಆಗಿರಬಹುದು. ಪರೀಕ್ಷೆಗಳು ಹೆಚ್ಚಾಗಿ ನಡೆಯುವುದು ಘಟಕಗಳ ಮೇಲೆ. ‘ನಾವು ಪರೀಕ್ಷಿಸುವುದಿಲ್ಲ’ ಎಂದಿದ್ದರೆ, ಘಟಕ ಪೂರೈಸಿದವರೋ ಗುತ್ತಿಗೆ ಪಡೆದ ಪ್ರಯೋಗಾಲಯವೋ ಪರೀಕ್ಷಿಸಿರಬಹುದು. ಇನ್ನು ‘ಎಂದೂ, ಯಾರೂ, ಯಾವ ಘಟಕವನ್ನೂ ಪರೀಕ್ಷಿಸಿಲ್ಲ’ ಎಂಬ ಮಾತನ್ನು ಯಾರಾದರೂ ಹೇಳಿದರೆ ನಂಬಬೇಡಿ, ಏಕೆಂದರೆ ದಶಕಗಳಿಂದ ಬಳಕೆಯಲ್ಲಿರುವ ಘಟಕಗಳಲ್ಲಿ ಬಹುಪಾಲು ಎಂದೋ ಒಮ್ಮೆ, ಎಲ್ಲೋ, ಯಾವುದೋ ಪ್ರಾಣಿಯ ಮೇಲೆ ಪರೀಕ್ಷೆಗೆ ಒಳಗಾದವೇ. ಆದ ಗಾಯವನ್ನು ಆಗಿಲ್ಲವೆನ್ನಲು ಬರುವುದಿಲ್ಲ. ಪ್ರಾಮಾಣಿಕ ತಯಾರಕರು ಹೇಳಬಹುದಾದದ್ದು ಇಷ್ಟೇ: ಇಂಥ ದಿನಾಂಕದ ನಂತರ ನಾವಾಗಲಿ, ನಮಗೆ ಪೂರೈಸುವವರಾಗಲಿ, ನಮ್ಮ ಪರವಾಗಿ ಬೇರೆಯವರಾಗಲಿ ಹೊಸದಾಗಿ ಪರೀಕ್ಷಿಸಿಲ್ಲ.

‘ಕ್ರುಯೆಲ್ಟಿ ಫ್ರೀ’, ಅಂದರೆ ಕ್ರೌರ್ಯವಿಲ್ಲದ್ದು, ಎಂಬ ಪದಕ್ಕೆ ಅಮೆರಿಕದಲ್ಲಿ ಕಾನೂನಿನ ವ್ಯಾಖ್ಯೆಯೇ ಇಲ್ಲ. ಯಾರು ಬೇಕಾದರೂ ಮುದ್ರಿಸಿಕೊಳ್ಳಬಹುದು. ಮೊಲದ ಚಿತ್ರಗಳೂ ಹಾಗೆಯೇ, ಕೆಲವನ್ನು ಕಂಪನಿಯ ಚಿತ್ರಕಾರರೇ ಬಿಡಿಸಿರುತ್ತಾರೆ. 1996ರಿಂದ ನಡೆಯುತ್ತಿರುವ ‘ಲೀಪಿಂಗ್ ಬನ್ನಿ’ ಯೋಜನೆಯ ನೆಗೆಯುವ ಮೊಲದಂಥ ಮುದ್ರೆಗಳನ್ನು ನಾನು ಬೇರೆ ಸಾಲಿನಲ್ಲಿ ಇಡುತ್ತೇನೆ, ಏಕೆಂದರೆ ಅದು ಕಂಪನಿಯಿಂದ ಗಡುವಿನ ದಿನಾಂಕವೊಂದನ್ನು ಬರೆಸಿಕೊಳ್ಳುತ್ತದೆ, ಪೂರೈಕೆದಾರರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ, ಕಡತಗಳನ್ನು ಹೊರಗಿನವರಿಂದ ತಪಾಸಣೆ ಮಾಡಿಸುತ್ತದೆ, ವರ್ಷವರ್ಷವೂ ಬದ್ಧತೆಯನ್ನು ನವೀಕರಿಸಲು ಹೇಳುತ್ತದೆ. ಮುದ್ರೆಯಿರುವ ಸಣ್ಣ ಕಂಪನಿಯನ್ನು ಮುದ್ರೆಯಿಲ್ಲದ ದೊಡ್ಡ ಕಂಪನಿ ಕೊಂಡುಕೊಂಡಿದ್ದರೆ ಏನು ಮಾಡಬೇಕು ಎಂಬುದರಲ್ಲಿ ಒಮ್ಮತವಿಲ್ಲ. ನಾನು ಕೊಳ್ಳುತ್ತೇನೆ, ದೊಡ್ಡವರ ಲೆಕ್ಕದ ಪುಸ್ತಕದಲ್ಲಿ ಯಾವುದು ಹೆಚ್ಚು ಮಾರಾಟವಾಗುತ್ತಿದೆ ಎಂಬುದು ಕಾಣಲಿ ಎಂದು. ಕೊಳ್ಳುವುದಿಲ್ಲ ಎನ್ನುವವರ ಕಾರಣವೂ ನನಗೆ ಅರ್ಥವಾಗುತ್ತದೆ.

‘ವೀಗನ್’, ಅಂದರೆ ಪ್ರಾಣಿಗಳಿಂದ ಬಂದ ಯಾವ ಪದಾರ್ಥವೂ ಇಲ್ಲದ್ದು, ಎಂಬುದು ಬೇರೆಯದೇ ಮಾತು, ಎರಡನ್ನೂ ಕಲಸಿಕೊಳ್ಳುವವರು ಬಹಳ. ಲಿಪ್‌ಸ್ಟಿಕ್ಕಿನ ಕೆಂಪಿಗೆ ಬಳಸುವ ಕಾರ್ಮೈನ್ ಎಂಬುದು ಕೋಚಿನೀಲ್ ಎಂಬ ಹುಳುಗಳನ್ನು ಒಣಗಿಸಿ ತೆಗೆದ ಬಣ್ಣ. ಲ್ಯಾನೋಲಿನ್ ಕುರಿಯ ಉಣ್ಣೆಯ ಜಿಡ್ಡು. ಸ್ಕ್ವಾಲೀನ್ ಶಾರ್ಕ್ ಮೀನಿನ ಯಕೃತ್ತಿನಿಂದ ಬಂದಿರಬಹುದು, ಆಲಿವ್‌ನಿಂದಲೂ ಬಂದಿರಬಹುದು. ಇವೆಲ್ಲ ಇರುವ ಕ್ರೀಮನ್ನು ಯಾವ ಪ್ರಾಣಿಯ ಮೇಲೂ ಪರೀಕ್ಷಿಸದೆ ಇರಬಹುದು, ಇವೊಂದೂ ಇಲ್ಲದ ಕ್ರೀಮನ್ನು ಪರೀಕ್ಷಿಸಿರಲೂಬಹುದು.

ಮಾತು ಮುಗಿದ ಮೇಲೆ ಸಭೆಯಲ್ಲಿದ್ದ ಹಿರಿಯರೊಬ್ಬರು ಎದ್ದು, ಮನೆಯಲ್ಲಿರುವ ಹಳೆಯ ಡಬ್ಬಿಗಳನ್ನೆಲ್ಲ ಎಸೆಯಬೇಕೇನಮ್ಮ ಎಂದು ಕೇಳಿದರು. ಬೇಡ ಸರ್, ಬಳಸಿ ಮುಗಿಸಿ, ಮುಂದಿನದನ್ನು ಕೊಳ್ಳುವಾಗ ನೋಡಿ ಎಂದೆ. ನಾನೂ ಅದನ್ನೇ ಮಾಡುತ್ತಿದ್ದೇನೆ. ಹಲವು ವರ್ಷಗಳಿಂದ ಹಚ್ಚುತ್ತಿದ್ದ ಮುಖದ ಕ್ರೀಮಿನ ಕಂಪನಿಗೆ ಕೆಲವು ತಿಂಗಳ ಹಿಂದೆ ಪತ್ರ ಬರೆದು, ನಿಮ್ಮ ಘಟಕಗಳಿಗೂ ಈ ಮಾತು ಅನ್ವಯಿಸುತ್ತದೆಯೇ, ಪೂರೈಕೆದಾರರಿಂದ ಲಿಖಿತ ಭರವಸೆ ಪಡೆದಿದ್ದೀರಾ, ಯಾವ ದಿನಾಂಕದಿಂದ ಎಂದು ಮೂರು ಪ್ರಶ್ನೆ ಕೇಳಿದ್ದೆ. ಪ್ರಾಣಿಗಳ ಬಗ್ಗೆ ತಮಗಿರುವ ಪ್ರೀತಿಯನ್ನು ಕುರಿತು ಎರಡು ಪ್ಯಾರಾದ ಉತ್ತರ ಬಂತು, ದಿನಾಂಕ ಇರಲಿಲ್ಲ. ಮೂರನೆಯ ಪ್ರಶ್ನೆಯನ್ನಷ್ಟೇ ಮತ್ತೆ ಬರೆದು ಕಳುಹಿಸಿದೆ. ಪೂರೈಕೆದಾರರನ್ನು ವಿಚಾರಿಸಿ ತಿಳಿಸುತ್ತೇವೆ ಎಂದು ಒಂದು ಸಾಲು ಬಂದು ಏಳು ವಾರವಾಯಿತು. ಕ್ರೀಮು ಡಬ್ಬಿಯ ತಳ ಕಾಣುತ್ತಿದೆ.